ಅಥಣಿಯ ಚಪ್ಪಲಿ ಕಸುಬು

ಕೊಲ್ಹಾಪುರ ಸಂಸ್ಥಾನದ ರಾಜಧಾನಿಯ ಪೇಟೆಯಿಂದ ಹೆಸರು ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ಕರ್ನಾಟಕದ ಗಡಿಯೊಳಗಿನ ಅಥಣಿ, ನಿಪ್ಪಾಣಿ ಮತ್ತು ಸುತ್ತಲಿನ ಊರುಗಳ ಸಮಗಾರ ಕುಟುಂಬಗಳು ತಲೆಮಾರುಗಳಿಂದ ತಯಾರಿಸುತ್ತ ಬಂದಿವೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಒಗರು ನೀರಿನಲ್ಲಿ ನೆನೆಸಿ, ಕೊಳೆಯದಂತೆ ಹದಮಾಡಿದ ಎಮ್ಮೆಯ ಚರ್ಮದಿಂದ ಅಟ್ಟೆಯನ್ನು, ಅಂದರೆ ಪಾದದಡಿಯ ದಪ್ಪ ಪದರವನ್ನು ಕತ್ತರಿಸಿ, ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿಯುವುದು ಇದರ ವೈಶಿಷ್ಟ್ಯ.

ಈ ಕಸುಬಿನಲ್ಲಿ ಮನೆಯೇ ಕಾರ್ಖಾನೆ. ಗಂಡಸರು ಚರ್ಮ ಕತ್ತರಿಸಿ ಅಟ್ಟೆ ಕೂಡಿಸಿದರೆ, ಮೇಲ್ಪಟ್ಟಿಯ ಸೂಕ್ಷ್ಮ ಹೆಣಿಗೆ ಮತ್ತು ಹೊಲಿಗೆ ಬಹುಮಟ್ಟಿಗೆ ಹೆಂಗಸರ ಪಾಲಿಗೆ ಬರುತ್ತಿತ್ತು. ಆದರೆ ಅವರ ದುಡಿಮೆಗೆ ಪ್ರತ್ಯೇಕ ಕೂಲಿಯಾಗಲಿ ಲೆಕ್ಕವಾಗಲಿ ಇರಲಿಲ್ಲ ಎಂಬುದು ಈ ಇತಿಹಾಸದ ಅತ್ಯಂತ ದೊಡ್ಡ ಅನ್ಯಾಯ. ಚರ್ಮವನ್ನು ಸಾಲವಾಗಿ ಕೊಟ್ಟ ವ್ಯಾಪಾರಿಯೇ ಸಿದ್ಧ ಚಪ್ಪಲಿಯ ಬೆಲೆಯನ್ನೂ ನಿಗದಿಪಡಿಸುತ್ತಿದ್ದುದರಿಂದ, ಮತ್ತು ಮಳೆಗಾಲದಲ್ಲಿ ಚರ್ಮ ಒಣಗದೆ ಮಾರಾಟವೂ ಕುಸಿಯುತ್ತಿದ್ದುದರಿಂದ, ಸ್ವಂತ ಕಸುಬಿದ್ದರೂ ಕುಶಲಕರ್ಮಿಯ ಕೈಯಲ್ಲಿ ಬಂಡವಾಳ ನಿಲ್ಲಲಿಲ್ಲ.

1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ರೂಪುಗೊಂಡ 'ಟೋಹೋಲ್ಡ್' ಕುಶಲಕರ್ಮಿಗಳ ಒಕ್ಕೂಟವು ಹೆಂಗಸರ ಸ್ವಸಹಾಯ ಗುಂಪುಗಳನ್ನೇ ಬುನಾದಿಯಾಗಿಸಿಕೊಂಡು, ಮಧ್ಯವರ್ತಿಗಳನ್ನು ದಾಟಿ ವಿದೇಶದ ಖರೀದಿದಾರರನ್ನು ತಲುಪಿದ್ದು ಇಲ್ಲಿಯೇ ಮಹತ್ವದ್ದಾಗುತ್ತದೆ. ಒಂದು ಉತ್ಪನ್ನದ ಹೆಸರನ್ನು ಅದು ಹುಟ್ಟಿದ ಪ್ರದೇಶದವರಿಗೆ ಮಾತ್ರ ಮೀಸಲಿಡುವ ಭೌಗೋಳಿಕ ಸೂಚಕ ಮಾನ್ಯತೆ 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿಯ ಕೈಗಳಿಗೆ ಬಹುಕಾಲದಿಂದ ಸಲ್ಲಬೇಕಾಗಿದ್ದ ಹಕ್ಕು ಕಾನೂನಿನ ಕಡತದಲ್ಲಿ ದಾಖಲಾಯಿತು.