ರೋಗಿಯ ಕಡೆಯವರು

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಸಾರಿದ ಚರಕಸಂಹಿತೆಯು ವೈದ್ಯ, ಔಷಧ, ರೋಗಿ ಎಂಬ ಮೂರರೊಡನೆ ಪರಿಚಾರಕನನ್ನೂ ಒಂದು ಪಾದವಾಗಿ ಎಣಿಸಿ, ಆತನಲ್ಲಿ ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರಬೇಕೆಂದು ವಿಧಿಸಿದೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮಲ್ಲಿ ಬೇರೂರಿದ ಆಸ್ಪತ್ರೆಯು ರೋಗಿಯನ್ನು ಮನೆಯಿಂದ ಬಿಡಿಸಿ ತಂದು, ಪರಿಚರ್ಯೆಯನ್ನೆಲ್ಲ ಸಮವಸ್ತ್ರ ಧರಿಸಿದ ದಾದಿಗೆ ಒಪ್ಪಿಸಿ, ಬಂಧುಗಳನ್ನು ಭೇಟಿಯ ವೇಳೆಗೆ ಮಾತ್ರ ಒಳಗೆ ಬಿಡುವ ಸಂಸ್ಥೆಯಾಗಿತ್ತು. ಆ ವ್ಯವಸ್ಥೆಯ ತವರಾದ ಬ್ರಿಟನ್ನಿನಲ್ಲಿಯೇ, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ತಂದೆತಾಯಿಗಳು ನಿರ್ಬಂಧವಿಲ್ಲದೆ ನೋಡಲು ಅವಕಾಶವಿರಬೇಕೆಂದು ಪ್ಲ್ಯಾಟ್ ಸಮಿತಿಯು ಶಿಫಾರಸು ಮಾಡಿದುದು 1959ರಷ್ಟು ಈಚೆಗೆ. ನಮ್ಮಲ್ಲಿಯಾದರೋ ನಿಯಮವೇನೇ ಇರಲಿ, ರೋಗಿಯ ಕಡೆಯವರು ಬುತ್ತಿ ಚಾಪೆಗಳೊಡನೆ ಬಂದು ಪಡಸಾಲೆಯಲ್ಲಿ ಬೀಡುಬಿಡುವುದು ತಪ್ಪಲಿಲ್ಲ. ದಾದಿಯರ ಕೊರತೆಯಿದ್ದುದರಿಂದ ಆಡಳಿತವು ಅವರನ್ನು ಸಹಿಸಿಕೊಂಡಿತೇ ಹೊರತು ಗೌರವಿಸಲಿಲ್ಲ.

ಈ ಸಹನೆಯು ಒಂದು ಚಿಕಿತ್ಸಾಕ್ರಮವಾಗಿ ಮಾರ್ಪಟ್ಟ ಬಗೆಯನ್ನು ಅರಿಯಬೇಕಾದರೆ, ಜನರು ಹೆಸರೆತ್ತಲೂ ಅಂಜುತ್ತಿದ್ದ ಎರಡು ದೀರ್ಘವ್ಯಾಧಿಗಳ ಕಡೆಗೆ ತಿರುಗಬೇಕು. ಕ್ಷಯ ಮೊದಲನೆಯದು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಸಂಶೋಧನೆಯೊಂದರಲ್ಲಿ 193 ಮಂದಿ ರೋಗಿಗಳನ್ನು ಎರಡು ಪಂಗಡವಾಗಿ ವಿಂಗಡಿಸಿ, ಒಂದಕ್ಕೆ ಸ್ಯಾನಿಟೋರಿಯಮ್ಮಿನ ಹಾಸಿಗೆಯನ್ನೂ ಪುಷ್ಟಿಕರ ಆಹಾರವನ್ನೂ ಒದಗಿಸಿ, ಇನ್ನೊಂದಕ್ಕೆ ಇಕ್ಕಟ್ಟಾದ ತಮ್ಮ ಬಡಮನೆಗಳಲ್ಲಿಯೇ ಅದೇ ಔಷಧವನ್ನು ಕೊಡಲಾಯಿತು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮನೆಯಲ್ಲಿದ್ದವರ ಗುಣವು ಸ್ಯಾನಿಟೋರಿಯಮ್ಮಿನವರಿಗಿಂತ ಹೇಳಿಕೊಳ್ಳುವಷ್ಟು ಕಡಿಮೆಯಿರಲಿಲ್ಲ, ಮನೆಮಂದಿಗೆ ಸೋಂಕಿನ ಭಯವೂ ಹೆಚ್ಚಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ದೇಶಕ್ಕಾಗಿ ರೂಪಿಸಿದ ಕಾರ್ಯಕ್ರಮವು ಈ ತಿಳಿವಳಿಕೆಯ ಮೇಲೆಯೇ ನಿಂತಿತು.

ಎರಡನೆಯದು ಚಿತ್ತದ ವ್ಯಾಧಿ. ಮೈಸೂರು ಸಂಸ್ಥಾನದ ಕಾಲದಿಂದ ಬೆಂಗಳೂರಿನಲ್ಲಿದ್ದ, ಜನರ ಬಾಯಲ್ಲಿ ಹುಚ್ಚಾಸ್ಪತ್ರೆಯೆಂದೇ ಹೆಸರಾಗಿದ್ದ ಸಂಸ್ಥೆಯು 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲವಾದ ನಿವೇಶನಕ್ಕೆ ಸ್ಥಳಾಂತರಗೊಂಡು, 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ 1974ರಲ್ಲಿ ಕೂಡಿ, ನಿಮ್ಹಾನ್ಸ್ ಎಂಬ ಇಂದಿನ ರೂಪವನ್ನು ತಾಳಿತು. ಅತ್ತ ಅಮೃತಸರದಲ್ಲಿ ಡಾ. ವಿದ್ಯಾಸಾಗರರು 1950ರ ದಶಕದಲ್ಲಿಯೇ ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯೊಡನೆ ಅವನ ಮನೆಯವರನ್ನೂ ಇರಿಸಿಕೊಂಡು, ವ್ಯಾಧಿಯ ಸ್ವರೂಪವನ್ನು ಅವರಿಗೆ ತಾವೇ ಬಿಡಿಸಿ ಹೇಳುತ್ತಿದ್ದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವು ಇದೇ ಮಾರ್ಗವನ್ನು ಹಿಡಿಯಿತು. ರೋಗಿಯನ್ನು ಗೇಟಿನಲ್ಲಿ ಬಿಟ್ಟುಹೋದ ಮನೆಯವರು ಮರಳಿ ಬಾರದಿರುವ ಸಂಕಟವನ್ನು ಕಂಡಿದ್ದವರಿಗೆ ಈ ಡೇರೆಗಳ ಬೆಲೆಯನ್ನು ವಿವರಿಸಬೇಕಾಗಿಲ್ಲ.

ನಿಮ್ಹಾನ್ಸಿನಲ್ಲಿ ಸಮುದಾಯ ಮನೋವೈದ್ಯಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಡಾ. ಆರ್. ಎಲ್. ಕಪೂರರು, ಅದಕ್ಕೆ ಮುನ್ನ ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸರೊಡನೆ ಕರಾವಳಿಯ ಕೋಟ ಗ್ರಾಮದಲ್ಲಿ ಜನರ ಮನೋಕ್ಲೇಶಗಳನ್ನು ಮನೆಮನೆ ತಿರುಗಿ ಅಧ್ಯಯನ ಮಾಡಿದ್ದವರು. ಅವರೂ ಶೈಲಾ ಪೈ ಅವರೂ ಕೂಡಿ 1980ರ ದಶಕದ ಆರಂಭದಲ್ಲಿ ಪ್ರಕಟಿಸಿದ ಸಂಶೋಧನೆಯು, ನನ್ನ ದೃಷ್ಟಿಯಲ್ಲಿ, ನಮ್ಮ ನಾಡಿನ ಶುಶ್ರೂಷೆಯ ಚರಿತ್ರೆಯಲ್ಲಿ ಇನ್ನೂ ತಕ್ಕ ಮನ್ನಣೆಯನ್ನು ಪಡೆಯದ ಮಹತ್ಕಾರ್ಯ. ಸ್ಕಿಜೋಫ್ರೀನಿಯದಿಂದ ಬಳಲುತ್ತಿದ್ದ 54 ಮಂದಿಯಲ್ಲಿ 27 ಮಂದಿಯನ್ನು ವಾಡಿಕೆಯಂತೆ ವಾರ್ಡಿಗೆ ಸೇರಿಸಿಕೊಂಡು, ಉಳಿದ 27 ಮಂದಿಯನ್ನು ಅವರವರ ಮನೆಗಳಲ್ಲಿಯೇ ಉಳಿಸಿ, ತರಬೇತಿ ಪಡೆದ ದಾದಿಯೊಬ್ಬರು ಆ ಮನೆಗಳಿಗೆ ತಪ್ಪದೆ ಹೋಗಿ ಬರುವಂತೆ ಏರ್ಪಡಿಸಲಾಯಿತು. ದಾದಿಯ ಕೆಲಸವು ರೋಗಿಯ ಸ್ಥಿತಿಯನ್ನು ಗಮನಿಸುವುದಕ್ಕೆ ಮುಗಿಯದೆ, ಮನೆಯವರೊಡನೆ ಕುಳಿತು ಅವರ ಅಂಜಿಕೆಗೆ ಕಿವಿಗೊಟ್ಟು ಸಲಹೆಯನ್ನೂ ಧೈರ್ಯವನ್ನೂ ಹೇಳುವುದರವರೆಗೆ ಚಾಚಿತ್ತು. ಆರು ತಿಂಗಳ ಅನಂತರ ನೋಡಲಾಗಿ, ಮನೆಯಲ್ಲಿದ್ದವರು ರೋಗಲಕ್ಷಣಗಳಲ್ಲಿಯೂ ಲೋಕವ್ಯವಹಾರದಲ್ಲಿಯೂ ಹೆಚ್ಚು ಸುಧಾರಿಸಿದ್ದರು, ವೆಚ್ಚವೂ ಕಡಿಮೆಯಾಗಿತ್ತು, ಎಲ್ಲಕ್ಕಿಂತ ಮಿಗಿಲಾಗಿ, ಮನೆಯವರ ಹೊರೆಯು ಬಹಳಷ್ಟು ಇಳಿದಿತ್ತು.

ಹೊರೆ ಇಳಿಯಿತೆಂದು ಹೇಳಬೇಕಾದರೆ ಹೊರೆಯನ್ನು ಅಳೆಯಲು ಬರಬೇಕಲ್ಲವೆ? ಆ ಅಳತೆಯನ್ನೂ ಇವರೇ 1981ರಲ್ಲಿ ಸಿದ್ಧಪಡಿಸಿದ್ದರು. ಇಪ್ಪತ್ತನಾಲ್ಕು ಅಂಶಗಳ ಆ ಪ್ರಶ್ನಾವಳಿಯು ಮನೆಯ ಹಣಕಾಸು, ದಿನದ ಕೆಲಸಕಾರ್ಯ, ವಿರಾಮ, ಪರಸ್ಪರರ ಒಡನಾಟ, ಉಳಿದವರ ದೇಹಾರೋಗ್ಯ ಹಾಗೂ ಮನೋಸ್ವಾಸ್ಥ್ಯ ಎಂಬ ಆರು ಬಗೆಗಳಲ್ಲಿ ವಿಚಾರಿಸುತ್ತದೆ. ಮಗನ ವ್ಯಾಧಿಯಿಂದ ಕೈಬಿಟ್ಟ ಸಂಪಾದನೆ, ನಿಂತುಹೋದ ನೆಂಟರ ಬರುಹೋಗು, ನಿದ್ದೆಗೆಟ್ಟ ತಾಯಿಯ ಬಳಲಿಕೆ, ಇವೆಲ್ಲ ಕರ್ಮವೆಂದು ನುಂಗಿಕೊಳ್ಳತಕ್ಕ ಸಂಗತಿಗಳಲ್ಲ, ದಾಖಲೆಗೆ ಬರಬೇಕಾದ ಸಂಗತಿಗಳು ಎಂಬ ನಿಲವು ಅದರ ಒಂದೊಂದು ಪ್ರಶ್ನೆಯಲ್ಲಿಯೂ ಇದೆ. ಕುಟುಂಬದ ಹಿರಿಮೆಯನ್ನು ಕೊಂಡಾಡಿ, ದುಡಿಮೆಯನ್ನೆಲ್ಲ ಹೆಂಗಸರ ಹೆಗಲಿಗೇರಿಸಿ, ಸರಕಾರವು ಕೈತೊಳೆದುಕೊಳ್ಳುವ ಅಪಾಯವು ಅಂದೂ ಇತ್ತು, ಇಂದೂ ಇದೆ. ಆ ಅಪಾಯಕ್ಕೆ ತಡೆಯಾಗಬಲ್ಲದ್ದು ಇಂತಹ ಅಳತೆಯೇ.

ಮನೆಯ ಆರೈಕೆಗೆ ಇನ್ನೊಂದು ಮುಖವೂ ಉಂಟು: ನೆರವಿಗೆ ಬಂಧುಗಳಿಲ್ಲದ ಮನೆಗಳ ಪಾಡು. ನಾಸಿಕದ ಬಳಿಯ ಓಝರಿನಲ್ಲಿ 1964ರಲ್ಲಿ ಮಿಗ್ ವಿಮಾನಗಳ ತಯಾರಿಕೆಗೆಂದು ಕಾರ್ಖಾನೆಯನ್ನು ಕಟ್ಟಿದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಮೂಲನೆಲೆ ಬೆಂಗಳೂರು. ಊರು ಬಿಟ್ಟು ಅಂತಹ ದೂರದ ಕಾರ್ಖಾನೆಯ ವಸತಿಗಳಿಗೆ ವರ್ಗವಾಗಿ ಹೋಗುವ ಗಂಡಹೆಂಡಿರು, ಮಧುಮೇಹವೋ ಪಾರ್ಶ್ವವಾಯುವೋ ಮನೆಗೆ ಕಾಲಿಟ್ಟ ದಿನ, ಅತ್ತೆಯಾಗಲಿ ಅತ್ತಿಗೆಯಾಗಲಿ ನೆರವಿಗೆ ಇಲ್ಲದೆ, ಪಾಳಿಯ ಕೆಲಸವನ್ನೂ ರೋಗಿಯ ಆರೈಕೆಯನ್ನೂ ಹೇಗೆ ಹೊಂದಿಸಬೇಕು? ಬೆಂಗಳೂರಿನ ಆ ಪ್ರಯೋಗಕ್ಕೆ ಮನೆಯಲ್ಲಿ ಆರೈಕೆಗೆ ಜನರಿದ್ದುದೇ ಬಂಡವಾಳವಾಗಿತ್ತು. ಜನರಿಲ್ಲದ ಮನೆಗೆ ದಾದಿಯ ಭೇಟಿಯು ಇನ್ನೂ ಹೆಚ್ಚು ಬೇಕು.

ಈ ಶತಮಾನದ ಎರಡನೆಯ ದಶಕದಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಕೂಡಿ ನೂರಾ ಹೆಲ್ತ್ ಸಂಸ್ಥೆಯು ಆರಂಭಿಸಿದ ಕಾರ್ಯವು ಇದೇ ಪರಂಪರೆಗೆ ಸೇರತಕ್ಕದ್ದು. ಹೊರಗೆ ಕಾದು ಕುಳಿತ ಬಂಧುಗಳನ್ನು ಕರೆದು, ಗಾಯವನ್ನು ಶುಚಿಯಾಗಿಡುವ ಬಗೆಯನ್ನೂ ಅಪಾಯದ ಚಿಹ್ನೆಗಳನ್ನೂ ಅಲ್ಲಿ ದಾದಿಯರೇ ಕಲಿಸಿಕೊಡುತ್ತಾರೆ. ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದವರು ಶಿಷ್ಯರಾದುದು ಸಣ್ಣ ಸಂಗತಿಯಲ್ಲ.

ಆದರೂ ದೀರ್ಘವ್ಯಾಧಿಯ ರೋಗಿಯನ್ನು ಮನೆಗೆ ಕಳುಹಿಸುವಾಗ ಬರೆದುಕೊಡುವ ಚೀಟಿಯಲ್ಲಿ ಮದ್ದಿನ ಹೆಸರುಗಳಿರುತ್ತವೆಯೇ ಹೊರತು, ನೋಡಿಕೊಳ್ಳುವವರು ಯಾರು, ಅವರ ಶಕ್ತಿಯೆಷ್ಟು ಎಂಬ ಮಾತು ಇರುವುದು ಅಪರೂಪ. ಈ ಎರಡು ಪ್ರಶ್ನೆಗಳನ್ನು ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯ ದಾದಿಯೂ ಕೇಳಿ ಬರೆದಿಡುವಂತೆ, ಬರೆದಿಟ್ಟುದನ್ನು ಹಿಡಿದು ಆ ಮನೆಗಳಿಗೆ ಹೋಗಿಬರಲು ಆಕೆಗೆ ವೇಳೆಯೂ ವಾಹನವೂ ದೊರೆಯುವಂತೆ ಸರಕಾರವು ಏರ್ಪಾಡು ಮಾಡಬೇಕು.