ತಾಲ್ಲೂಕಿನ ಪ್ರಶ್ನೆ, ರಾಷ್ಟ್ರದ ಸೂಚಿ: ಶಿಕ್ಷಣ ಸಂಶೋಧನೆಗೆ ಶೋಧಗಂಗಾ ಎಷ್ಟು ಒದಗುತ್ತದೆ?

ಶಿಕ್ಷಣ ಕುರಿತ ಭಾರತೀಯ ಸಂಶೋಧನೆಗೆ ಸೂಚಿ ಕಟ್ಟುವ ಕೆಲಸ ಹೊಸದಲ್ಲ. ಬರೋಡಾದ ಎಂ.ಬಿ. ಬುಚ್ ಅವರ ಸಂಪಾದಕತ್ವದಲ್ಲಿ ಮೊದಲ ಶಿಕ್ಷಣ ಸಂಶೋಧನಾ ಸಮೀಕ್ಷೆ 1974ರಲ್ಲಿ ಹೊರಬಂತು. ಆ ಮಾಲೆಯ ಮೂರನೆಯ ಮತ್ತು ನಂತರದ ಸಂಪುಟಗಳನ್ನು ಎನ್‌ಸಿಇಆರ್‌ಟಿ ಪ್ರಕಟಿಸಿತು. ಆ ಸಂಪುಟಗಳಲ್ಲಿ ಪ್ರಬಂಧದ ಸಾರಾಂಶವಷ್ಟೇ ಸಿಗುತ್ತಿತ್ತು, ಮೂಲ ಬೇಕಾದವರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಬೇಕಿತ್ತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಮಹಾಪ್ರಬಂಧಗಳ ವಿದ್ಯುನ್ಮಾನ ಭಂಡಾರವಾದ ಶೋಧಗಂಗಾ ಈ ಕೊರತೆಯನ್ನು ನೀಗಿಸಿದೆ. ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಲೇಬೇಕೆಂದು ಯುಜಿಸಿಯ 2009ರ ನಿಯಮಾವಳಿ ವಿಧಿಸಿದ ಮೇಲೆ ಅದು ಬೆಳೆದ ಪರಿ ದೊಡ್ಡದು, ಮೆಚ್ಚತಕ್ಕದ್ದು. ಆದರೆ ಅದರ ಸಾಧನೆಯನ್ನು ಇಷ್ಟು ಲಕ್ಷ ಪ್ರಬಂಧ, ಇಷ್ಟು ವಿಶ್ವವಿದ್ಯಾಲಯ ಎಂಬ ಲೆಕ್ಕದಲ್ಲೇ ಹೇಳುವ ರೂಢಿ ಬೆಳೆದಿದೆ. ಎಷ್ಟು ಸೇರಿತು ಎಂಬುದು ಸಂಗ್ರಹದ ಅಳತೆ. ಕೇಳಿದವರಿಗೆ ಬೇಕಾದದ್ದು ಸಿಕ್ಕಿತೇ ಎಂಬುದು ಸೇವೆಯ ಅಳತೆ. ಇವೆರಡನ್ನೂ ಒಂದೇ ಎಂದು ಎಣಿಸಿದ್ದರಿಂದ ಶೋಧಗಂಗಾದ ನಿಜವಾದ ಕೊರತೆ ಮರೆಯಾಗಿದೆ ಎಂಬುದು ಈ ಲೇಖನದ ವಾದ.

ಎರಡನೆಯ ಅಳತೆಯೂ ಹಳೆಯದೇ. ಓದುಗರ ಸಮಯ ಉಳಿಸುವುದನ್ನು ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯ ವಿಜ್ಞಾನದ ಸೂತ್ರವಾಗಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸೂಚೀಕರಣವನ್ನು ಶಾಸ್ತ್ರವಾಗಿ ಕಲಿಸಿತು. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ನಡೆಸಿದ ಪ್ರಯೋಗಗಳಿಂದ ಎರಡು ಪ್ರಶ್ನೆಗಳು ನೆಲೆಗೊಂಡವು: ಭಂಡಾರದಲ್ಲಿರುವ ಪ್ರಸ್ತುತ ಬರಹಗಳಲ್ಲಿ ಎಷ್ಟು ಕೈಗೆ ಬಂದವು, ಕೈಗೆ ಬಂದವುಗಳಲ್ಲಿ ಎಷ್ಟು ಪ್ರಸ್ತುತ. ಈ ಪ್ರಶ್ನೆಗಳನ್ನು ದೆಹಲಿಯಿಂದ ಕೇಳುವುದಕ್ಕಿಂತ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಂದ ಕೇಳುವುದು ಕಠಿಣ ಪರೀಕ್ಷೆ.

ಜಿಲ್ಲೆ ಒಂದೇ ಆದರೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲಗಳ ಶಾಲಾವರ್ಷ ಒಂದೇ ರೀತಿ ಸಾಗುವುದಿಲ್ಲ. ಕನ್ನಂಬಾಡಿ ಕಟ್ಟೆಯ ಆಸುಪಾಸಿನ ಮೊದಲೆರಡು ತಾಲ್ಲೂಕುಗಳಲ್ಲಿ ನಾಲೆಯ ನೀರು, ಕಬ್ಬು, ಭತ್ತ. ಕಬ್ಬು ಕಡಿಯಲು, ಆಲೆಮನೆಯಲ್ಲಿ ದುಡಿಯಲು ಹೊರಗಿನಿಂದ ಬಂದ ಕುಟುಂಬಗಳ ಮಕ್ಕಳು ಹಂಗಾಮಿನ ನಡುವೆ ಶಾಲೆಯ ಬಾಗಿಲಿಗೆ ಬರುತ್ತಾರೆ, ಅಥವಾ ಬರುವುದೇ ಇಲ್ಲ. ನಾಗಮಂಗಲದ ಬಹುಭಾಗ ಮಳೆ, ಕೆರೆ, ರಾಗಿಯ ಸೀಮೆ. ಅಲ್ಲಿಂದಲೂ ಕೆ.ಆರ್.ಪೇಟೆಯಿಂದಲೂ ಬೆಂಗಳೂರಿಗೆ, ಮುಂಬೈಗೆ ದುಡಿಯಲು ಹೋದ ಮನೆಗಳಲ್ಲಿ ಮಕ್ಕಳು ಅಜ್ಜ ಅಜ್ಜಿಯ ಬಳಿ ಉಳಿಯುವುದುಂಟು. ಒಂದು ಕಡೆ ಮಕ್ಕಳು ಹೊರಗಿನಿಂದ ಬರುತ್ತಾರೆ, ಇನ್ನೊಂದು ಕಡೆ ಹೆತ್ತವರು ಊರು ಬಿಡುತ್ತಾರೆ. ಹಾಜರಾತಿಯ ಮೇಲೆ ಕೆಲಸ ಮಾಡುವ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿ.ಇ.ಒ.) ಅಥವಾ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕರಿಗೆ ಜಿಲ್ಲೆಯ ಸರಾಸರಿಯಿಂದ ಪ್ರಯೋಜನ ಕಡಿಮೆ. ಅವರಿಗೆ ಬೇಕಾದದ್ದು ತಮ್ಮ ತಾಲ್ಲೂಕಿನಲ್ಲೋ ಅದನ್ನು ಹೋಲುವ ಕಡೆಯೋ ಯಾರಾದರೂ ಈ ಮಕ್ಕಳನ್ನು ಅಧ್ಯಯನ ಮಾಡಿದ್ದಾರೆಯೇ ಎಂಬ ತಿಳಿವಳಿಕೆ.

ಈ ಪ್ರಶ್ನೆಯನ್ನು ಶೋಧಗಂಗಾದ ಮುಂದಿಟ್ಟರೆ ತೊಡಕು ಎಲ್ಲಿದೆಯೆಂದು ಕಾಣುತ್ತದೆ. ಒಂದು ಪ್ರಬಂಧದ ಪೂರ್ಣ ದಾಖಲೆಯಲ್ಲಿ ಶೀರ್ಷಿಕೆ, ಸಂಶೋಧಕರು, ಮಾರ್ಗದರ್ಶಕರು, ವಿಶ್ವವಿದ್ಯಾಲಯ, ಅದು ಇರುವ ಊರು, ಪದವಿಯ ದಿನಾಂಕ ಎಲ್ಲಕ್ಕೂ ಅಂಕಣಗಳಿವೆ. ಅಧ್ಯಯನ ನಡೆದ ಪ್ರದೇಶಕ್ಕೂ ಒಂದು ಅಂಕಣವಿದೆ, ಆದರೆ ಎಷ್ಟೋ ದಾಖಲೆಗಳಲ್ಲಿ ಅದು ಖಾಲಿ. ಹೀಗಾಗಿ ನಾಗಮಂಗಲದ ಶಾಲೆಗಳ ಮೇಲಿನ ಪ್ರಬಂಧಕ್ಕೆ ಸೂಚಿಯಲ್ಲಿ ದೊರೆಯುವ ಊರಿನ ಗುರುತು ಪದವಿ ಕೊಟ್ಟ ಮೈಸೂರು ಮಾತ್ರ. ಶಾಲೆಗಳ ಹೆಸರು ಸಂಶೋಧನಾ ವಿಧಾನದ ಅಧ್ಯಾಯದ ಒಂದು ಕೋಷ್ಟಕದೊಳಗೆ ಉಳಿದುಬಿಡುತ್ತದೆ. ಕಾಗುಣಿತದ ಗೊಂದಲ ಬೇರೆ. ಶ್ರೀರಂಗಪಟ್ಟಣವನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ ಹಲವು. ಕೃಷ್ಣರಾಜಪೇಟೆ ಒಂದು ಕಡೆ ಪೂರ್ಣ ಹೆಸರು, ಇನ್ನೊಂದು ಕಡೆ ಎರಡು ಮೊದಲಕ್ಷರ. ಹಳೆಯ ಮೈಸೂರಿನ ಕಡತಗಳಲ್ಲಿ ಪಾಂಡವಪುರ ಫ್ರೆಂಚ್ ರಾಕ್ಸ್. ಇವೆಲ್ಲವನ್ನೂ ಒಂದೇ ಸ್ಥಳವೆಂದು ಹಿಡಿಯುವ ಪ್ರಮಾಣಿತ ಹೆಸರುಪಟ್ಟಿಯಿಲ್ಲದೆ ಹುಡುಕಾಟ ಪೂರ್ಣವಾಗದು.

ಕನ್ನಡದಲ್ಲೇ ಬರೆದ ಪ್ರಬಂಧಗಳ ಪಾಡು ಇನ್ನೂ ಕಷ್ಟ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪಠ್ಯ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ. ಆ ಕಡತದಿಂದ 'ಕನ್ನಡ' ಎಂಬ ಪದವನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ 'ನ' ಇರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ, ಅದರ ಸುತ್ತ ರೋಮನ್ ಅಕ್ಷರಗಳು. ಸ್ಕ್ಯಾನ್ ಮಾಡಿ ಹಾಕಿದ ಪುಟಗಳಲ್ಲಿ ಅಷ್ಟೂ ಇಲ್ಲ, ಅವು ಬರಿಯ ಚಿತ್ರ. ತಾಲ್ಲೂಕಿನ ಶಾಲೆಗೆ ಅತ್ಯಂತ ಹತ್ತಿರವಾದ ಬರಹವೇ ಹುಡುಕಾಟಕ್ಕೆ ಅತ್ಯಂತ ದೂರವಾಗಿದೆ. ಇದು ನನಗೆ ತೀರ ನೋವಿನ ಸಂಗತಿಯಾಗಿ ಕಾಣುತ್ತದೆ.

ರಾಷ್ಟ್ರೀಯ ಭಂಡಾರ ಇರುವುದು ವಿದ್ವಾಂಸರಿಗಾಗಿ, ತಾಲ್ಲೂಕು ಕಚೇರಿಗಾಗಿ ಅಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಶಿಕ್ಷಣ ಸಂಶೋಧನೆಯ ದತ್ತಾಂಶ ಹುಟ್ಟುವುದೇ ಶಾಲೆಗಳಲ್ಲಿ. ಆ ಶಾಲೆಗಳಿಗೆ ಹಿಂದಿರುಗದ ಜ್ಞಾನ ವಿದ್ವಾಂಸರ ನಡುವೆಯೂ ಅರೆಯಾಗಿಯೇ ಉಳಿಯುತ್ತದೆ. ಇಂಥ ಸಣ್ಣ ಅಧ್ಯಯನಗಳ ಗುಣಮಟ್ಟ ಕಡಿಮೆ ಎಂಬ ಮಾತಿನಲ್ಲಿ ಹುರುಳಿದೆ, ಒಪ್ಪಬೇಕು. ಆದರೆ ಗುಣದೋಷ ತೂಗಲು ಮೊದಲು ಪ್ರಬಂಧ ಕೈಗೆ ಸಿಗಬೇಕು. ಸಿಗದಿದ್ದರೆ ಅದೇ ದುರ್ಬಲ ಅಧ್ಯಯನವನ್ನು ಮತ್ತೊಬ್ಬರು ಮತ್ತೆ ಮಾಡುತ್ತಾರೆ. ಕೃತಕ ಬುದ್ಧಿಮತ್ತೆ ಬಂದ ಮೇಲೆ ಅಂಕಣ ತುಂಬುವ ಗೋಜೇಕೆ ಎನ್ನುವವರೂ ಇದ್ದಾರೆ. ಅಕ್ಷರ ಗುರುತಿಸುವ ತಂತ್ರ ಸುಧಾರಿಸುತ್ತಿರುವುದು ನಿಜ. ಆದರೂ ಪಠ್ಯದಲ್ಲಿ ಎದುರಾದ ಊರಿನ ಹೆಸರು ಅಧ್ಯಯನದ ಕ್ಷೇತ್ರವೋ ಸಂಶೋಧಕರ ವಿಳಾಸವೋ ಎಂಬುದನ್ನು ಖಚಿತವಾಗಿ ಬಲ್ಲವರು ಪ್ರಬಂಧ ಬರೆದವರು.

ಅಮೆರಿಕದ ಶಿಕ್ಷಣ ಸಂಶೋಧನಾ ಭಂಡಾರವಾದ ಎರಿಕ್ 1960ರ ದಶಕದಲ್ಲಿ ಆರಂಭವಾದಾಗ ಅಚ್ಚಾಗದ ಶಾಲಾ ವರದಿಗಳನ್ನೂ ಸಂಗ್ರಹಿಸಿ, ನಿಗದಿತ ವಿಷಯಪದಗಳ ಕೋಶ ಕಟ್ಟಿ, ಅದಕ್ಕೆ ತಕ್ಕಂತೆ ಸೂಚಿ ಮಾಡಿತು. ಅದರ ಬಲ ಆ ಶಿಸ್ತಿನಲ್ಲಿತ್ತು. ನಮ್ಮಲ್ಲಿ ಅಂಥ ಶಿಸ್ತಿಗೆ ಬೇಕಾದ ಸಾಮಗ್ರಿ ಸಿದ್ಧವಾಗಿಯೇ ಇದೆ. ದೇಶದ ಶಾಲೆಗಳ ಮಾಹಿತಿ ವ್ಯವಸ್ಥೆಯಾದ ಯು-ಡೈಸ್‌ನ 11 ಅಂಕಿಯ ಶಾಲಾ ಸಂಕೇತದಲ್ಲಿ ರಾಜ್ಯ, ಜಿಲ್ಲೆ, ಬ್ಲಾಕ್ ಎಲ್ಲವೂ ಅಡಕವಾಗಿವೆ. ಬ್ಲಾಕಿನವರೆಗಿನ ಮೊದಲ ಆರು ಅಂಕಿ ಪ್ರದೇಶದ ಅಂಕಣಕ್ಕೆ ಬಂದರೆ ಕಾಗುಣಿತದ ಗೊಂದಲ ಉಳಿಯದು, ಯಾವ ಶಾಲೆಯೆಂಬ ಗುಟ್ಟೂ ರಟ್ಟಾಗದು. ಮೈಸೂರು ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗ ಈ ನಾಲ್ಕು ತಾಲ್ಲೂಕುಗಳ ಪ್ರಬಂಧಗಳಿಂದಲೇ ಕೆಲಸ ಶುರುಮಾಡಲಿ: ಪ್ರತಿ ಪ್ರಬಂಧಕ್ಕೂ ಬ್ಲಾಕ್ ಸಂಕೇತ, ಯೂನಿಕೋಡಿನಲ್ಲಿ ಒಂದು ಪುಟದ ಕನ್ನಡ ಸಾರಾಂಶ. ಇವೆರಡಿಲ್ಲದ ಪ್ರಬಂಧವನ್ನು ಗ್ರಂಥಾಲಯ ಸ್ವೀಕರಿಸಬಾರದು.