ಕಯ್ಯೂರಿನ ಐದನೆಯವನು

ಕಯ್ಯೂರು ಎಂದೊಡನೆ ಕಾಸರಗೋಡಿನ ಕನ್ನಡಿಗರಾದ ನಮಗೆ ನಿರಂಜನರ 'ಚಿರಸ್ಮರಣೆ' ನೆನಪಾಗುತ್ತದೆ. ಗಲ್ಲಿಗೇರಿದ ನಾಲ್ವರು ರೈತರ ಕಥೆಯನ್ನು ನಮ್ಮಲ್ಲಿ ಹಲವರು ಓದಿದ್ದೇವೆ. ಆದರೆ ಮರಣದಂಡನೆಯ ತೀರ್ಪು ಬಂದದ್ದು ಐವರ ಮೇಲೆ. ಐದನೆಯವನು ಹೇಗೆ ಉಳಿದುಕೊಂಡ ಎಂಬುದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ.

ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಪೊಲೀಸರ ದೌರ್ಜನ್ಯವನ್ನು ಖಂಡಿಸಿ 1941ರ ಮಾರ್ಚ್ 28ರಂದು ಕಯ್ಯೂರಿನ ರೈತರು ಮೆರವಣಿಗೆ ಹೊರಟಿದ್ದರು. ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಅವರ ಎದುರಿಗೆ ಸಿಕ್ಕಿದ. ಅವನ ಕೈಗೇ ಕೆಂಪು ಬಾವುಟ ಕೊಟ್ಟು ಮುಂದೆ ನಡೆಸಿದರು. ತಪ್ಪಿಸಿಕೊಳ್ಳಲು ಅವನು ಹೊಳೆಗೆ ಹಾರಿದ, ದಡದಿಂದ ಕಲ್ಲುಗಳು ಬಿದ್ದವು, ಅವನು ಸತ್ತ.

ಯಾರ ಕಲ್ಲು ಯಾರಿಗೆ ಗೊತ್ತು? ಗುಂಪು ಮಾಡಿದ ಕೃತ್ಯಕ್ಕೆ ಒಬ್ಬೊಬ್ಬನ ಪಾಲು ಎಷ್ಟೆಂದು ಅಳೆಯುವುದು ಇವತ್ತಿಗೂ ನ್ಯಾಯಾಧೀಶರಿಗೆ ಕಷ್ಟದ ಕೆಲಸ. ಜೊತೆಗೆ ಆ ಕಾಲದ ಕಾನೂನೇ ಒಂದು ಕಡೆಗೆ ವಾಲಿತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ಬೇರೆ ಶಿಕ್ಷೆ ಕೊಟ್ಟರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. ಅಂದರೆ ಗಲ್ಲೇ ವಾಡಿಕೆ, ಬದುಕಲು ಬಿಡುವುದಕ್ಕೆ ವಿವರಣೆ!

ಮಠತ್ತಿಲ್ ಅಪ್ಪು, ಕುಂಞಂಬು ನಾಯರ್, ಚಿರುಕಂಡನ್, ಅಬೂಬಕ್ಕರ್ ಇವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಇನ್ನೂ ಅಪ್ರಾಪ್ತ ವಯಸ್ಕನೆಂದು ಉಳಿದ. ಅವನ ಮಟ್ಟಿಗಾದರೂ ಕಾನೂನು ಕೃತ್ಯವನ್ನು ಬಿಟ್ಟು ಮನುಷ್ಯನ ಕಡೆ ನೋಡಿತು.

ಶಿಕ್ಷೆಗೆ ಸಾಮಾನ್ಯವಾಗಿ ನಾಲ್ಕು ಉದ್ದೇಶ ಹೇಳುತ್ತಾರೆ: ಮಾಡಿದ್ದಕ್ಕೆ ತಕ್ಕ ಪ್ರತಿಫಲ, ಇತರರಿಗೆ ಭಯ, ಅಪಾಯಕಾರಿಯನ್ನು ಸಮಾಜದಿಂದ ದೂರವಿಡುವುದು, ತಪ್ಪಿತಸ್ಥನ ಸುಧಾರಣೆ. ಕಯ್ಯೂರಿನಲ್ಲಿ ಬ್ರಿಟಿಷ್ ಸರಕಾರಕ್ಕೆ ಬೇಕಾಗಿದ್ದುದು ಭಯ ಎಂದೇ ನಮ್ಮ ಅಭಿಪ್ರಾಯ. ಅದು ಫಲಿಸಲಿಲ್ಲ, ರೈತ ಚಳವಳಿ ನಿಲ್ಲಲಿಲ್ಲ. ಅದೇ ಪ್ರಕರಣದ ಆರೋಪಿಯಾಗಿ ತಲೆಮರೆಸಿಕೊಂಡಿದ್ದ ಇ.ಕೆ. ನಾಯನಾರ್ ಮುಂದೆ ಕೇರಳದ ಮುಖ್ಯಮಂತ್ರಿಯಾದರು. ಇತ್ತ ಸತ್ತ ಪೇದೆಯೂ ಒಬ್ಬ ಬಡ ನೌಕರನೇ. ಗಲ್ಲಿನಿಂದ ಅವನ ಮನೆಯವರಿಗೆ ಏನು ಸಿಕ್ಕೀತು? ಬಲಿಯಾದವರ ಪರಿಹಾರಕ್ಕೆ ರಾಜ್ಯಗಳು ಯೋಜನೆ ರೂಪಿಸಬೇಕೆಂಬುದು ಕಾನೂನಿಗೆ ಸೇರಿದ್ದು 2008ರ ತಿದ್ದುಪಡಿಯಲ್ಲಿ, ಬಹಳ ತಡವಾಗಿ.

ಸ್ವತಂತ್ರ ಭಾರತದಲ್ಲಿ ತಕ್ಕಡಿ ನಿಧಾನವಾಗಿ ತಿರುಗಿತು. 1955ರಲ್ಲಿ ಹಳೆಯ ನಿಯಮವನ್ನು ತೆಗೆದುಹಾಕಿದರು. 1973ರ ಹೊಸ ಸಂಹಿತೆ ಅದನ್ನು ಪೂರ್ತಿ ತಲೆಕೆಳಗು ಮಾಡಿತು: ಇನ್ನು ಗಲ್ಲು ವಿಧಿಸಲೇ ವಿಶೇಷ ಕಾರಣ ಬರೆಯಬೇಕು. ಶಿಕ್ಷೆ ಹೇಳುವ ಮೊದಲು ಅಪರಾಧಿಯ ಮಾತನ್ನು ಪ್ರತ್ಯೇಕವಾಗಿ ಕೇಳಬೇಕೆಂಬ ನಿಯಮವೂ ಆಗಲೇ ಬಂತು. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಯನ್ನು ಉಳಿಸಿಕೊಂಡರೂ ಅದು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮಾತ್ರ ಎಂದಿತು. ಅಪರಾಧದ ಜೊತೆ ಅಪರಾಧಿಯ ವಯಸ್ಸು, ಪರಿಸ್ಥಿತಿ, ಸುಧಾರಣೆಯ ಸಾಧ್ಯತೆಯನ್ನೂ ತೂಗಬೇಕೆಂದಿತು. ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲು ಕಡ್ಡಾಯ ಎನ್ನುತ್ತಿದ್ದ 303ನೇ ಕಲಮನ್ನು 1983ರಲ್ಲಿ ಅದೇ ನ್ಯಾಯಾಲಯ ರದ್ದು ಮಾಡಿತು. ನ್ಯಾಯಾಧೀಶರ ಕೈಕಟ್ಟುವ ಕಡ್ಡಾಯ ಶಿಕ್ಷೆಗೆ ನ್ಯಾಯ ಎನ್ನಲಾಗದು ಎಂಬುದು ಅದರ ತಿರುಳು. ಹಾಗೆಂದು ಎಲ್ಲವನ್ನೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟರೆ ಒಂದೇ ಬಗೆಯ ತಪ್ಪಿಗೆ ಒಬ್ಬನಿಗೆ ಗಲ್ಲು, ಇನ್ನೊಬ್ಬನಿಗೆ ಜೀವಾವಧಿ. ಈ ತೊಡಕು ಬಗೆಹರಿದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೂ ಒಂದು ಶಿಕ್ಷೆ. ಹದಿನೆಂಟು ತುಂಬುವ ಮೊದಲು ಮಾಡಿದ ಅಪರಾಧಕ್ಕಂತೂ ಎಂಥದೇ ಇರಲಿ, 2015ರ ಬಾಲನ್ಯಾಯ ಕಾಯ್ದೆಯಂತೆ ಮರಣದಂಡನೆ ಇಲ್ಲ. ಕಯ್ಯೂರಿನಲ್ಲಿ ಐವರಲ್ಲಿ ಒಬ್ಬನಿಗೆ ದಕ್ಕಿದ ವಿನಾಯಿತಿ ಇಂದು ನಮ್ಮ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಾನೂನಿನ ರಕ್ಷಣೆಯಾಗಿದೆ.